ಬಾವಿಯ ಮೇಲಿನ ನೆಲ

ಟೆಂಪೊ ಹನ್ನೊಂದಕ್ಕೆಲ್ಲ ಮಾವಳ್ಳಿಯ ಮನೆಗೆ ಬರುತ್ತದೆ ಎಂದು ವೃಷಭೇಂದ್ರಪ್ಪ ಫೋನು ಮಾಡಿ ಹೇಳಿದಾಗ ಗೌರೀಶನಿಗೆ ಮೊದಲು ಅನ್ನಿಸಿದ್ದು, ಆ ಟೆಂಪೊ ದಾರಿಯಲ್ಲಿ ಎಲ್ಲಾದರೂ ಕೆಟ್ಟು ನಿಲ್ಲಬಾರದೇ ಎಂದು. ಆಮೇಲೆ ನಾಚಿಕೆಯಾಯಿತು. ಎರಡು ವರ್ಷ ಹಂಬಲಿಸಿ, ಹತ್ತು ಕಡೆ ಅಲೆದು, ಕೊನೆಗೆ ಕಾಮಾಕ್ಷಿಪಾಳ್ಯದಲ್ಲಿ ಬಾಗಿಲು ಹಾಕುತ್ತಿದ್ದ ಮರಗೆಲಸದ ಶೆಡ್ಡೊಂದರಲ್ಲಿ ಗೊತ್ತುಮಾಡಿಕೊಂಡು ಬಂದ ಯಂತ್ರ ಅದು. ಒರಟು ಹಲಗೆಯನ್ನು ಒಂದು ಕಡೆಯಿಂದ ಕೊಟ್ಟರೆ ಇನ್ನೊಂದು ಕಡೆಯಿಂದ ನುಣ್ಣಗೆ, ಒಂದೇ ದಪ್ಪಕ್ಕೆ ಹೆರೆದು ಕೊಡುವ ಪ್ಲೇನರ್. ಪೂರ್ತಿ ಬೀಡು ಕಬ್ಬಿಣ. ಶೆಡ್ಡಿನ ಯಜಮಾನ ವೃಷಭೇಂದ್ರಪ್ಪ ಅದರ ಬೆನ್ನು ಸವರುತ್ತ, "ಆರೇಳು ಆಳಿನ ತೂಕ ಸಾರ್, ನಿಮ್ಮನೆ ನೆಲ ಗಟ್ಟಿ ಇದೆ ತಾನೆ?" ಎಂದು ಕೇಳಿದ್ದರು. "ಕಲ್ಲಿದ್ದಂಗಿದೆ" ಎಂದು ಗೌರೀಶ ಹೇಳಿದ್ದ. ಉತ್ತರ ಎಷ್ಟು ಬೇಗ ಬಾಯಿಂದ ಬಿದ್ದಿತ್ತೆಂದರೆ, ಬೇರೆ ಯಾರೋ ಹೇಳಿದಂತೆ ತಾನೇ ಬೆಚ್ಚಿದ್ದ.

ಕಾಫಿ ಲೋಟ ಹಿಡಿದುಕೊಂಡೇ ಹಿತ್ತಲಿಗೆ ಬಂದು ಕೋಣೆಯ ಬಾಗಿಲಲ್ಲಿ ನಿಂತ. ಮೂರು ತಿಂಗಳ ಹಿಂದೆ ಇಲ್ಲಿ ಬಟ್ಟೆ ಒಣಹಾಕುವ ತಂತಿ, ಕರಿಬೇವಿನ ಗಿಡ, ಮೂಲೆಯಲ್ಲೊಂದು ಬಾವಿ ಇದ್ದವು. ಈಗ ಸಿಮೆಂಟ್ ಇಟ್ಟಿಗೆಯ ಗೋಡೆ, ಶೀಟಿನ ಮಾಡು, ಎರಡು ಟ್ಯೂಬ್‌ಲೈಟು, ಮತ್ತಿಮರದಲ್ಲಿ ತಾನೇ ಕೂಡಿಸಿದ ದಪ್ಪ ಬೆಂಚು. ಬೆಂಚಿನ ಹಿಂದಿನ ಗೋಡೆಗೆ ಪ್ಲೈವುಡ್ ಹೊಡೆದು, ಅದರ ಮೇಲೆ ಉಳಿ, ಗರಗಸ, ಸುತ್ತಿಗೆ, ಉಜ್ಜುಗೊರಡುಗಳನ್ನು ಒಂದೊಂದಾಗಿ ಇಟ್ಟು ಸುತ್ತ ಗೆರೆ ಎಳೆದು ಬಣ್ಣ ಬಳಿದಿದ್ದ. ಯಾವುದು ತನ್ನ ಜಾಗದಲ್ಲಿಲ್ಲ ಎಂಬುದು ನೋಡಿದ ಕೂಡಲೇ ತಿಳಿಯಬೇಕು. ಉಪ್ಪಿನಕಾಯಿಯ ಖಾಲಿ ಬಾಟಲಿಗಳಲ್ಲಿ ಸ್ಕ್ರೂಗಳು ಅಳತೆಯ ಪ್ರಕಾರ ಕೂತಿದ್ದವು. ಅವನು ಸೂಪರಿಂಟೆಂಡೆಂಟ್ ಆಗಿರುವ ಕಾಲೇಜಿನ ಆಫೀಸಿನಲ್ಲಿ ಈ ಕೋಣೆಯ ಸುದ್ದಿ ಹಬ್ಬಿ, "ಆಚಾರ್ರೇ, ಇವತ್ತು ಎಷ್ಟು ಬೆರಳು ಉಳಿದಿದಾವೆ?" ಎಂದು ಗುಮಾಸ್ತರು ದಿನಾ ಕಾಲೆಳೆಯುತ್ತಿದ್ದರು. ಹತ್ತೂ ಬೆರಳು ಎತ್ತಿ ತೋರಿಸುವುದು ಅವನಿಗೂ ಖುಷಿಯೇ. ಬೆರಳಿನ ಬಗ್ಗೆ ಅವನಿಗೆ ಭಯವಿರಲಿಲ್ಲ. ಇದ್ದ ಭಯವನ್ನು ಆಫೀಸಿನಲ್ಲಾಗಲಿ ಮನೆಯಲ್ಲಾಗಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಭಯ ಆಚೆ ಮೂಲೆಯ ನೆಲದ್ದು. ನೆಲವೆಲ್ಲ ಒಂದೇ ಬೂದು ಬಣ್ಣ, ಒಂದೇ ನಯ. ನೋಡಿದವರಿಗೆ ಏನೂ ಗೊತ್ತಾಗದು. ಆದರೆ ಆ ಮೂಲೆಯ ಕೆಳಗೆ ಬಾವಿ ಇತ್ತು, ಬಾವಿ ಮಣ್ಣು ತುಂಬದೆ ಖಾಲಿಯಿತ್ತು. ಅದನ್ನು ಮುಚ್ಚುವುದಕ್ಕೆ ಅವನ ತಾಯಿ ಸುಬ್ಬಮ್ಮ ಸುಲಭಕ್ಕೆ ಒಪ್ಪಿರಲಿಲ್ಲ. ಮೂರು ದಿನ ಮುಖ ಊದಿಸಿಕೊಂಡಿದ್ದು ನಾಲ್ಕನೆಯ ದಿನ ಕರೆದು ಹೇಳಿದ್ದಳು: "ಗಂಗಮ್ಮಂಗೆ ಪೂಜೆ ಮಾಡಿ, ತಪ್ಪಾಯ್ತು ಅಂತ ಕೈಮುಗ್ದು, ಹೊಟ್ಟೆ ತುಂಬ ಮಣ್ಣು ಹಾಕ್ಬೇಕು ಕಣ್ಲಾ ಮಗ. ಉಸ್ರಾಡಕ್ಕೆ ಒಂದು ಪೈಪು ಬುಡ್ಬೇಕು. ಖಾಲಿ ಬುಟ್ಟು ಬಾಯಿ ಮಾತ್ರ ಮುಚ್ಬ್ಯಾಡ. ಹಸ್ಕೊಂಡಿರ್ತೈತೆ." ಅವನು ಆಗಲಿ ಎಂದಿದ್ದ. ಪೂಜೆ ನಡೆಯಿತು. ಅರಿಶಿನ, ಕುಂಕುಮ, ಬಳೆ, ರವಿಕೆ ಕಣ ಎಲ್ಲವೂ ಬಾವಿಗಿಳಿದವು. ಅವ್ವ ಕಣ್ಣೊರೆಸಿಕೊಂಡು, ಧೂಳು ಆಗುವುದಿಲ್ಲವೆಂದು ವೈಯಾಲಿಕಾವಲಿನ ಮಗಳ ಮನೆಗೆ ಹದಿನೈದು ದಿನ ಹೋದಳು. ಮರುದಿನ ಗಾರೆ ಮೇಸ್ತ್ರಿ ಮುತ್ತುರಾಜ್ ಆಟೋದಲ್ಲಿ ಮಣ್ಣು ತಂದು ಎಂಟು ಮಂಕರಿ ಸುರಿದ. ಮಣ್ಣು ಬಿದ್ದ ಸದ್ದು ಬಂತು, ನೀರು ಕಲಕಿದ ಸದ್ದು ಬಂತು, ಆಮೇಲೆ ಏನೂ ಇಲ್ಲ. ಇಬ್ಬರೂ ಬಗ್ಗಿ ನೋಡಿದರೆ ಕೆಳಗಿನ ಕತ್ತಲು ಇದ್ದಷ್ಟೇ ಇತ್ತು. "ಹತ್ತು ಲಾರಿ ಬೇಕು ಸಾರ್ ಇದಕ್ಕೆ. ನಿಮ್ ಗಲ್ಲಿಗೆ ಲಾರಿ ಬರಲ್ಲ, ತಲೆ ಮೇಲೆ ಹೊರಬೇಕು, ಇನ್ನೊಂದು ತಿಂಗಳಾದ್ರೂ ಮುಗಿಯಲ್ಲ" ಎಂದ ಮುತ್ತುರಾಜ್, ಬೀಡಿ ಹಚ್ಚಿ, "ರೈಲು ಕಂಬಿ ಅಡ್ಡ ಹಾಕಿ, ಚಪ್ಪಡಿ ಕಲ್ಲು ಮುಚ್ಚಿ, ಮೇಲೆ ಜಲ್ಲಿ ಕಾಂಕ್ರೀಟ್ ಎಳೆದ್ಬಿಡಣ್ವಾ?" ಎಂದು ಕೇಳಿದ. ಗೌರೀಶ ಯೋಚಿಸಿದ್ದು ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ಅವನು ನೆಲದ ಬಗ್ಗೆ ಯೋಚಿಸಲಿಲ್ಲ, ಅವ್ವ ವಾಪಸು ಬರುವ ದಿನದ ಬಗ್ಗೆ ಯೋಚಿಸಿದ. "ಉಸಿರಾಡೋ ಪೈಪು ಮಾತ್ರ ಮರೀಬೇಡ" ಎಂದ. ಅಷ್ಟು ಮಾಡಿದರೆ ಅರ್ಧ ಮಾತು ನಡೆಸಿದಂತೆ ಎಂದು ತನಗೆ ತಾನೇ ಹೇಳಿಕೊಂಡ.

ಚಪ್ಪಡಿ ಹಾಕಿದ ದಿನ ಅವನು ಆಫೀಸಿನಲ್ಲಿದ್ದ. ಸಂಜೆ ಬಂದು ನೋಡಿದರೆ ಹಸಿ ಸಿಮೆಂಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೂಲೆಯಲ್ಲಿ ಪೈಪು ಮೊಳದುದ್ದ ತಲೆಯೆತ್ತಿ ನಿಂತಿತ್ತು. ಕೆಳಗೆ ಕಂಬಿ ಹಾಕಿದನೋ ಇಲ್ಲವೋ, ಕಲ್ಲು ಎಷ್ಟು ದಪ್ಪದ್ದೋ, ಎಷ್ಟು ಗೇಣು ಅಂಚಿನ ಮೇಲೆ ಕೂತಿದೆಯೋ, ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಕೇಳಬಹುದಿತ್ತು. ಕೇಳಿದರೆ ಮುತ್ತುರಾಜನಿಗೆ ಅನುಮಾನ ತೋರಿಸಿದಂತಾಗುತ್ತದೆ ಎಂದು ಒಂದು ದಿನ ಸುಮ್ಮನಾದ. ಈಗ ಕೇಳಿ ಅವನು ಹಾಕಿಲ್ಲ ಎಂದುಬಿಟ್ಟರೆ ಏನು ಮಾಡುವುದು ಎಂದು ಇನ್ನೊಂದು ದಿನ ಸುಮ್ಮನಾದ. ಹಾಗೇ ಮೂರು ತಿಂಗಳಾಯಿತು. ಹೆಂಡತಿ ಪ್ರತಿಭಾ ಆ ವಾರವೆಲ್ಲ ಶಾಲೆಯ ಉತ್ತರಪತ್ರಿಕೆಗಳಲ್ಲಿ ಮುಳುಗಿದ್ದಳು. ತಲೆಯೆತ್ತದೆ, "ತುಂಬಿಸಿದ್ರಾ?" ಎಂದು ಕೇಳಿದ್ದಳು. ಹೂಂ ಎಂದಿದ್ದ. ಒಂದು ಹೂಂ ಹೇಳುವುದಕ್ಕೆ ಎಷ್ಟು ಕಡಿಮೆ ಉಸಿರು ಸಾಕು ಎಂದು ಈಗ ಬಾಗಿಲಲ್ಲಿ ನಿಂತು ಅವನಿಗೆ ಆಶ್ಚರ್ಯವಾಯಿತು.

ಹಿಂದೆ ಚಪ್ಪಲಿಯ ಸದ್ದು. ಅವ್ವ ತಂಬಿಗೆ ಹಿಡಿದು, ಸೆರಗಿನಲ್ಲಿ ನಾಲ್ಕು ಕಣಗಲೆ ಹೂ ಕಟ್ಟಿಕೊಂಡು ಬಂದಳು. ದಿನಾ ಬೆಳಿಗ್ಗೆ ಇದು ನಡೆಯುತ್ತದೆ. ಅವನು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ಅವಳು ಮಂಡಿನೋವಿನ ಕಾಲೆಳೆಯುತ್ತ ಕೋಣೆಯ ನಡುವಿನಿಂದ ನೇರ ಹೋಗಿ ಪೈಪಿನ ಹತ್ತಿರ ನಿಲ್ಲುತ್ತಾಳೆ, ಅದಕ್ಕೆ ಅರಿಶಿನ ಹಚ್ಚಿ ಹೂವಿಟ್ಟು ತಂಬಿಗೆಯ ನೀರು ಹೊಯ್ಯುತ್ತಾಳೆ. ಆ ಹೊತ್ತಿನಲ್ಲಿ ಗೌರೀಶನ ಕಣ್ಣು ಅವಳ ಕಾಲಡಿಯ ನೆಲದ ಮೇಲಿರುತ್ತದೆ. ನೀರು ಒಂದು ಕ್ಷಣವೂ ತಡೆಯದೆ ಇಳಿದುಹೋಗಿ, ಎಷ್ಟೋ ಹೊತ್ತಾದ ಮೇಲೆ ಕೆಳಗಿನಿಂದ ಒಂದು ಸಣ್ಣ ಸದ್ದು ಮೇಲೆ ಬರುತ್ತದೆ. ಅವ್ವನಿಗೆ ಕಿವಿ ಮಂದ, ಕೇಳಿಸುವುದಿಲ್ಲ. "ಅದೇನ್ ಬಾಯಾರ್ಕೆನೋ ಈ ಮಣ್ಗೆ" ಎಂದಳು ಇವತ್ತೂ. "ಎಷ್ಟು ಉಯ್ದ್ರೂ ಕುಡ್ಕೊತೈತೆ." ಅವನು ನಗುವ ಪ್ರಯತ್ನ ಮಾಡಿದ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಗೋಡೆಗೆ ಬೆನ್ನು ಒತ್ತಿಕೊಂಡು, ಕೈಚಾಚಿ ಒಂದು ಸ್ಕ್ರೂವನ್ನು ಆ ಪೈಪಿನೊಳಗೆ ಬಿಟ್ಟಿದ್ದ. ಅದು ನೀರು ಮುಟ್ಟುವವರೆಗಿನ ಮೌನ ಈಗಲೂ ಆಫೀಸಿನ ಕಡತ ತೆರೆದಾಗ, ಬಸ್ಸಿಗೆ ಕಾಯುವಾಗ ಬಂದು ಕಿವಿಯಲ್ಲಿ ಕೂರುತ್ತದೆ. ಅದಕ್ಕಿಂತ ಹೀನಾಯವಾದದ್ದು ಇನ್ನೊಂದಿತ್ತು. ನೆಲ ಕುಸಿದು ಅವ್ವ ಬಿದ್ದರೆ ಬಂದವರಿಗೆ ಏನು ಹೇಳಬೇಕು ಎಂಬುದನ್ನು ಅವನ ಮನಸ್ಸು ಆಗಲೇ ಸಿದ್ಧ ಮಾಡಿಟ್ಟಿತ್ತು. ಮೇಸ್ತ್ರಿ ತುಂಬಿಸಿದೀನಿ ಅಂದಿದ್ದ ಸಾರ್, ನಂಗೆ ಗೊತ್ತೇ ಇರಲಿಲ್ಲ. ಸ್ನಾನ ಮಾಡುವಾಗ ಆ ವಾಕ್ಯವನ್ನು ಅವನು ತಿದ್ದುತ್ತಿದ್ದ, ಅಳುವುದಕ್ಕೆ ಎಲ್ಲಿ ಮಾತು ನಿಲ್ಲಿಸಬೇಕು ಎಂದು ಕೂಡ. ಥೂ ಎಂದು ತನಗೆ ತಾನೇ ಉಗಿದುಕೊಂಡರೂ ಮರುದಿನ ವಾಕ್ಯ ಮತ್ತೆ ಬಂದು ನಿಲ್ಲುತ್ತಿತ್ತು.

ಟೆಂಪೊ ಕೆಡಲಿಲ್ಲ. ಹನ್ನೊಂದಕ್ಕೆ ಐದು ನಿಮಿಷ ಮುಂಚೆಯೇ ಗಲ್ಲಿಯ ಬಾಯಲ್ಲಿ ನಿಂತು ಹಾರನ್ ಹೊಡೆಯಿತು. ವೃಷಭೇಂದ್ರಪ್ಪ ಭಾನುವಾರವೆಂದು ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಮಗಳನ್ನು ಗಂಡನ ಮನೆಗೆ ಬಿಡಲು ಬಂದವರ ಹಾಗೆ ಇಳಿದರು. ಮೂವರು ಹಮಾಲರು ಯಂತ್ರವನ್ನು ಹಗ್ಗ ಕಟ್ಟಿ ಇಳಿಸಿ, ಕಬ್ಬಿಣದ ಕೊಳವೆಗಳ ಮೇಲೆ ಉರುಳಿಸುತ್ತ, ಪಕ್ಕದ ಮನೆಯವರ ಸ್ಕೂಟರು ತೆಗೆಸಿ, ಓಣಿಯಲ್ಲಿ ತಳ್ಳಿಕೊಂಡು ಬಂದರು. ಪ್ರತಿಭಾ ಬಾಗಿಲಲ್ಲಿ ನಿಂತು ಫೋನಿನಲ್ಲಿ ವಿಡಿಯೊ ಹಿಡಿಯುತ್ತಿದ್ದಳು. ಅವಳ ಮುಖದಲ್ಲಿ ಹೆಮ್ಮೆ ಇತ್ತು. ಗೌರೀಶ ಎಲ್ಲರಿಗಿಂತ ಮುಂದೆ ಓಡಿ, ಬೆಂಚಿನ ಪಕ್ಕ ಸೀಮೆಸುಣ್ಣದಲ್ಲಿ ಮೊದಲೇ ಬರೆದಿಟ್ಟಿದ್ದ ಚೌಕದ ಹತ್ತಿರ ನಿಂತು, "ಇಲ್ಲಿ, ಇಲ್ಲಿ ಇಡಿ" ಎಂದು ಕೂಗಿದ. ಚೌಕ ಬಾವಿಯಿಂದ ಎಷ್ಟು ದೂರ ಆಗಬಹುದೋ ಅಷ್ಟು ದೂರವಿತ್ತು.

ವೃಷಭೇಂದ್ರಪ್ಪ ಚೌಕ ನೋಡಿದರು, ಗೋಡೆ ನೋಡಿದರು, ಆಮೇಲೆ ಗೌರೀಶನನ್ನು ನೋಡಿದರು. "ಅಲ್ಲ ಸಾರ್, ಇಲ್ಲಿಟ್ರೆ ಹಲಗೆ ಎಲ್ಲಿಂದ ಕೊಡ್ತೀರ? ಎಂಟಡಿ ಹಲಗೆ ಒಳಗೆ ಹೋಗಬೇಕು, ಎಂಟಡಿ ಆಚೆ ಬರಬೇಕು. ನಿಮ್ ಗೋಡೆಗೆ ಗುದ್ದುತ್ತಲ್ಲ." ಹಮಾಲರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಇಷ್ಟು ಸರಳವಾದದ್ದು ಗೌರೀಶನಿಗೆ ಹೊಳೆದಿರಲಿಲ್ಲ, ಏಕೆಂದರೆ ಆ ಚೌಕ ಬರೆಯುವಾಗ ಅವನು ಹಲಗೆಯ ಬಗ್ಗೆ ಯೋಚಿಸಿರಲೇ ಇಲ್ಲ. "ಪ್ಲಗ್ ಪಾಯಿಂಟ್ ಈ ಕಡೆ ಇದೆ" ಎಂದ. "ವೈರು ಎಳುದ್ರಾಯ್ತು ಸಾರ್, ಅದೇನ್ ಬ್ರಹ್ಮವಿದ್ಯೆನಾ?" ಎಂದ ವೃಷಭೇಂದ್ರಪ್ಪ ಮೂಲೆಯ ಕಡೆ ಕೈತೋರಿ, "ಅಲ್ಲಿ ಓರೆಯಾಗಿ ನಿಲ್ಸಿ. ಬಾಗಿಲಿಂದ ಹಲಗೆ ನೇರ ಬರುತ್ತೆ. ಆ ಪೈಪಿಂದ ಎರಡಡಿ ಬಿಟ್ಕೊಂಡು" ಎಂದರು. ಹಮಾಲರು ಯಂತ್ರ ತಿರುಗಿಸಿದರು. ಈಗ ಹೇಳಬೇಕು ಎಂದುಕೊಂಡ ಗೌರೀಶ. ಹೇಳುವುದು ನಾಲ್ಕೇ ಮಾತು. ಆದರೆ ಆ ನಾಲ್ಕು ಮಾತಿನ ಹಿಂದೆ ಮೂರು ತಿಂಗಳು ನಿಂತಿದ್ದವು, ಹೂವು ನಿಂತಿತ್ತು, ತಂಬಿಗೆ ನಿಂತಿತ್ತು, ಪ್ರತಿಭಾಳ ಫೋನು ಎಲ್ಲವನ್ನೂ ಹಿಡಿದುಕೊಳ್ಳುತ್ತಿತ್ತು. ಮೊದಲ ಹಮಾಲ ಬಾವಿಯ ಮೇಲೆ ಕಾಲಿಟ್ಟ. ಎರಡನೆಯವನು ಇಟ್ಟ. ಯಂತ್ರದ ಮುಂದಿನ ಅಂಚು ಕೊಳವೆಯ ಮೇಲೆ ಉರುಳಿ ಬಾವಿಯ ಮೇಲೆ ಬಂತು. ಗೌರೀಶನ ಬಾಯಿಂದ ಬಂದದ್ದು "ನಿಧಾನ, ನಿಧಾನ" ಎಂಬ ಮಾತು. "ಗೊತ್ತಾಗುತ್ತೆ ಸಾರ್, ಬಣ್ಣ ಹೋಗದಂಗೆ ತಳ್ತೀವಿ" ಎಂದ ಹಮಾಲ. ಗೌರೀಶ ಬೆಂಚು ಹಿಡಿದುಕೊಂಡ. ಮೂರು ಮನೆಗಳ ಗಂಡಸರು ಅವರು. ಮನೆಗಳು ಎಲ್ಲಿವೆಯೋ, ಮಧ್ಯಾಹ್ನದ ಊಟಕ್ಕೆ ಯಾರು ಕಾಯುತ್ತಿದ್ದಾರೋ. ಒಬ್ಬ ಸೂಪರಿಂಟೆಂಡೆಂಟಿನ ಮಾನ ಉಳಿಯಲೆಂದು ಅವರು ಅಲ್ಲಿ ನಿಂತಿದ್ದರು, ಅದು ಅವರಿಗೆ ಗೊತ್ತಿರಲಿಲ್ಲ.

ನೆಲ ಹಿಡಿಯಿತು. ಯಂತ್ರ ಕೂತಿತು. ಹಮಾಲರು ಹಗ್ಗ ಸುತ್ತಿಕೊಂಡು ಮಜ್ಜಿಗೆ ಕುಡಿದು ಹೋದರು. ವೃಷಭೇಂದ್ರಪ್ಪ ಪ್ಲಗ್ಗಿಗೆ ವೈರು ಎಳೆದು, ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತು, ಯಂತ್ರದ ಮೇಲೆ ರಸಮಟ್ಟವಿಟ್ಟು, ಗುಳ್ಳೆ ಗೆರೆಗಳ ನಡುವೆ ಬರುವವರೆಗೆ ಕಾಲಡಿಗೆ ಚೂರು ತಗಡು ಕೊಡುತ್ತ ಹೋದರು. ಹಾರೆಯಿಂದ ಒಂದು ಕಾಲು ಮೀಟಿದಾಗ ಹಾರೆಯ ತುದಿ ನೆಲಕ್ಕೆ ಬಡಿಯಿತು. ಅವರು ನಿಲ್ಲಿಸಿ, ಕಿವಿ ಓರೆ ಮಾಡಿ, ಮತ್ತೊಮ್ಮೆ ಬೇಕೆಂದೇ ಬಡಿದರು. "ಇದೇನ್ ಸಾರ್, ಪೊಳ್ಳು ಶಬ್ದ?" "ಹಳೇ ಪಾಯ" ಎಂದ ಗೌರೀಶ. "ಹಿಂದೆ ಇಲ್ಲಿ ಬಚ್ಚಲಿತ್ತು." ಇಲ್ಲದ ಬಚ್ಚಲೊಂದು ಅವನ ಬಾಯಿಂದ ಹುಟ್ಟಿತು. ಪ್ರತಿಭಾ ಫೋನಿನಿಂದ ತಲೆಯೆತ್ತಿ ಅವನತ್ತ ನೋಡಿದಳು. ಇಪ್ಪತ್ತೆರಡು ವರ್ಷ ಈ ಮನೆಯಲ್ಲಿ ಬದುಕಿದವಳು ಅವಳು, ಬಚ್ಚಲು ಎಲ್ಲಿತ್ತೆಂದು ಅವಳಿಗೆ ಗೊತ್ತು. ಅವಳು ಮತ್ತೆ ಫೋನಿಗೆ ತಲೆ ಬಗ್ಗಿಸಿದಳು. ಬಂದವರ ಮುಂದೆ ಗಂಡನ ಮಾತು ತೆಗೆದುಹಾಕುವ ಹೆಂಗಸಲ್ಲ. ಅವಳ ಆ ಸುಮ್ಮನಿರುವಿಕೆ ಅವನಿಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಪೂಜೆ ಮಾಡ್ದೆ ಸ್ವಿಚ್ ಹಾಕ್ಬ್ಯಾಡ್ರಪ್ಪ" ಎನ್ನುತ್ತ ಅವ್ವ ಬಂದಳು. ತಟ್ಟೆಯಲ್ಲಿ ಕುಂಕುಮ, ನಿಂಬೆಹಣ್ಣು, ಊದುಬತ್ತಿ. ಇನ್ನೊಂದು ಕೈಯಲ್ಲಿ ತಂಬಿಗೆ. ಹೊಸ ಸೀರೆ ಉಟ್ಟಿದ್ದಳು. ವೃಷಭೇಂದ್ರಪ್ಪ ಎದ್ದು, "ಬನ್ನಿ ತಾಯಿ, ನಿಮ್ ಕೈಯಿಂದಾನೇ ಆಗ್ಲಿ" ಎಂದು ಜಾಗ ಬಿಟ್ಟರು. ಅವ್ವ ಯಂತ್ರದ ಹಣೆಯಂತಿದ್ದ ಜಾಗಕ್ಕೆ ಕುಂಕುಮವಿಟ್ಟಳು. ಆಮೇಲೆ, ಬಾವಿಯನ್ನು ಬಿಟ್ಟು ಯಂತ್ರಕ್ಕೆ ಮಾತ್ರ ಪೂಜೆಯಾದರೆ ಚೆನ್ನಾಗಿರುವುದಿಲ್ಲವೆಂದು, ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಯಂತ್ರ ಹಿಡಿದುಕೊಂಡು, ಯಂತ್ರಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿ ಪೈಪಿನ ಹತ್ತಿರ ಹೋಗಿ ನಿಂತಳು. ಹಾಗೆ ನಿಂತರೆ ಮುಂದೆ ಯಂತ್ರ, ಹಿಂದೆ ಗೋಡೆ. ಹೊರಗೆ ಬರಬೇಕೆಂದರೆ ಹಮಾಲರು ಅಲ್ಲೇ ಬಿಟ್ಟಿದ್ದ ಎರಡು ಕಬ್ಬಿಣದ ಕೊಳವೆಗಳನ್ನು ಮತ್ತೆ ದಾಟಬೇಕು. ಗೌರೀಶ ಬಾಗಿಲಿಗೆ ಹಿಂದೆ ಸರಿದಿದ್ದ. ಯಾವಾಗ ಸರಿದನೋ ಅವನಿಗೇ ತಿಳಿದಿರಲಿಲ್ಲ. ವೃಷಭೇಂದ್ರಪ್ಪ ಸ್ವಿಚ್ ಒತ್ತಿದರು.

ಸದ್ದು ಮೊದಲು ಗೊಗ್ಗರಾಗಿ, ಆಮೇಲೆ ಏರಿ, ಒಂದೇ ಮಟ್ಟಕ್ಕೆ ಬಂದು ನಿಂತಿತು. ಬೆಂಚಿನ ಮೇಲಿನ ಬಾಟಲಿಗಳಲ್ಲಿ ಸ್ಕ್ರೂಗಳು ಗಿಲಿಗಿಲಿ ಎಂದವು. ಗೌರೀಶನ ಕಣ್ಣು ಯಂತ್ರದ ಮೇಲಿರಲಿಲ್ಲ, ನೆಲದ ಮೇಲಿತ್ತು. ಯಂತ್ರದ ಹಿಂಗಾಲಿನ ಬುಡದಿಂದ ಒಂದು ಕೂದಲೆಳೆಯಂಥ ಗೆರೆ ಹೊರಟದ್ದನ್ನು ಅವನು ಕಂಡ. ಅದು ಮೊದಲೇ ಇತ್ತೋ ಈಗ ಹುಟ್ಟಿತೋ. ನೋಡುತ್ತಿದ್ದ ಹಾಗೇ ಅದು ಪೈಪಿನ ಕಡೆ ಗೇಣುದ್ದ ಬೆಳೆಯಿತು, ಅಂಚಿನಲ್ಲಿ ಬಿಳಿ ಪುಡಿ ಕುಣಿಯಿತು. "ಅವ್ವಾ!" ಎಂದು ಕಿರುಚಿದ. "ಅವ್ವಾ, ಆಚೆ ಬಾ!" ಅವ್ವ ಅವನ ಕಡೆ ತಿರುಗಿ, ಸದ್ದಿಗೆ ಏನೂ ಕೇಳಿಸದೆ, ಸಂತೋಷಕ್ಕೆ ಕೂಗುತ್ತಿದ್ದಾನೆಂದು ನಕ್ಕು ತಲೆಯಾಡಿಸಿದಳು. ವೃಷಭೇಂದ್ರಪ್ಪ ಗಾಬರಿಯಾಗಿ ಸ್ವಿಚ್ ಆರಿಸಿದರು. ಸದ್ದು ಇಳಿಯುತ್ತ ಇಳಿಯುತ್ತ ಪೂರ್ತಿ ನಿಲ್ಲುವುದಕ್ಕೆ ಮೊದಲೇ ಗೌರೀಶನ ಬಾಯಿಂದ ಮಾತು ಅದೇ ಕೂಗಿನಲ್ಲಿ ಹೊರಬಿತ್ತು: "ಕೆಳಗೆ ಬಾವಿ ಇದೆ. ಖಾಲಿ ಇದೆ. ತುಂಬಿಸಿಲ್ಲ."

ವೃಷಭೇಂದ್ರಪ್ಪ ಎರಡೇ ಹೆಜ್ಜೆಗೆ ಬಾಗಿಲ ಹೊರಗಿದ್ದರು. ಅವರ ವಯಸ್ಸಿಗೆ ಅಷ್ಟು ಚುರುಕು ಹೇಗೆ ಬಂತೋ. ಅವ್ವ ಅಲ್ಲೇ ಇದ್ದಳು. ಮಾತು ಅವಳಿಗೆ ಪೂರ್ತಿ ಕೇಳಿಸಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವಳು ಕಾಲ ಕೆಳಗೆ ನೋಡಿಕೊಂಡಳು. ತಂಬಿಗೆಯನ್ನು ಮೆಲ್ಲಗೆ, ಸದ್ದಾಗದ ಹಾಗೆ, ಪೈಪಿನ ಪಕ್ಕ ಇಟ್ಟಳು. ಸೀರೆ ಎತ್ತಿ ಮೊದಲ ಕೊಳವೆ ದಾಟಲು ನೋಡಿದರೆ ಮಂಡಿ ಮೇಲೇಳಲಿಲ್ಲ. "ಕೈ ಕೊಡ್ಲಾ ಮಗ" ಎಂದು ಬಲಗೈ ಚಾಚಿದಳು. ಬಾಗಿಲಿನಿಂದ ಅವಳಿಗೆ ನಾಲ್ಕು ಹೆಜ್ಜೆ. ಗೌರೀಶ ತನ್ನ ಕೈ ಚಾಚಿದ. ಎರಡು ಕೈಗಳ ನಡುವೆ ಆ ನೆಲ ಇತ್ತು. "ಬಾ ಅವ್ವ, ಬಾ, ಬಾ" ಎನ್ನುತ್ತಲೇ ಇದ್ದ. ಸೊಂಟದಿಂದ ಮೇಲೆ ಅವನು ಪೂರ್ತಿ ಮುಂದಕ್ಕೆ ಬಾಗಿದ್ದ, ಕಣ್ಣಲ್ಲಿ ನೀರಿತ್ತು, ಬೆರಳುಗಳು ಗಾಳಿಯನ್ನು ಹಿಡಿದೆಳೆಯುತ್ತಿದ್ದವು. ಆದರೆ ಕಾಲು ಹೊಸ್ತಿಲು ಬಿಡಲಿಲ್ಲ. ಬಿಡು ಎಂದು ಅವನು ಅದಕ್ಕೆ ಹೇಳುತ್ತಿದ್ದ. ಬಲಗಾಲಿಗೆ ಹೇಳಿದ, ಎಡಗಾಲಿಗೆ ಹೇಳಿದ. ಅವು ಕೇಳಲಿಲ್ಲ. ಅವ್ವ ಅವನ ಕೈ ನೋಡಿದಳು, ಆಮೇಲೆ ಅವನ ಕಾಲು ನೋಡಿದಳು, ನೋಡುತ್ತಲೇ ಇದ್ದಳು. ಅಷ್ಟರಲ್ಲಿ ಯಾರೋ ಅವನ ಭುಜಕ್ಕೆ ಬಲವಾಗಿ ಗುದ್ದಿಕೊಂಡು ಒಳಗೆ ಹೋದರು. ಪ್ರತಿಭಾ. ನಾಲ್ಕು ಹೆಜ್ಜೆಯಲ್ಲಿ ಬಾವಿಯ ಮೇಲೆ ಹೋಗಿ, ಅತ್ತೆಯ ಕಂಕುಳಿಗೆ ಕೈಕೊಟ್ಟು ಎತ್ತಿ, ಒಂದು ಕೊಳವೆ, ಇನ್ನೊಂದು ಕೊಳವೆ ದಾಟಿಸಿ, ಹೊರಗೆ ಕರೆದುಕೊಂಡು ಬಂದಳು. ಅವರು ಬರುವಾಗ ಗೌರೀಶ ದಾರಿ ಬಿಡುವುದಕ್ಕೆ ಪಕ್ಕಕ್ಕೆ ಸರಿದ. ಆಗ ಮಾತ್ರ ಕಾಲು ಆಡಿತು.

ಆಮೇಲಿನದೆಲ್ಲ ಸಾಮಾನ್ಯವಾಗಿ ನಡೆಯಿತು, ಅದೇ ಅವನಿಗೆ ಸಹಿಸಲಾಗಲಿಲ್ಲ. ವೃಷಭೇಂದ್ರಪ್ಪ ಹಿತ್ತಲಿನ ಕಟ್ಟೆಯ ಮೇಲೆ ಕೂತು ನೀರು ಕುಡಿದು, "ಎರಡು ಸಲ ಕೇಳಿದ್ನಲ್ಲ ಸಾರ್ ನಾನು, ಎರಡು ಸಲ" ಎಂದು ಹೇಳಿ, ಊಟಕ್ಕೆ ನಿಲ್ಲದೆ ಹೋದರು. ಪ್ರತಿಭಾ ಮುತ್ತುರಾಜನಿಗೆ ತಾನೇ ಫೋನು ಮಾಡಿ ಕೂಡಲೇ ಬಾ ಎಂದಳು. ಗಂಡನ ಜೊತೆ ಜಗಳವಾಡಲಿಲ್ಲ. "ಬಚ್ಚಲು ಅಂದ್ರಿ" ಎಂದಳು ಅಷ್ಟೇ, ಮತ್ತೆ ಅನ್ನಕ್ಕೆ ಇಟ್ಟಳು. ಅವ್ವ ನಡುಮನೆಯಲ್ಲಿ ಗೋಡೆಗೊರಗಿ ಕೂತು ಹೊಸ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಗೌರೀಶ ಅವಳ ಮುಂದೆ ಕೂತ. ಬೈಯಲಿ ಎಂದು ಕಾದ. ಸುಳ್ಳು ಹೇಳಿದ್ದಕ್ಕೆ, ಗಂಗಮ್ಮನಿಗೆ ಮೋಸ ಮಾಡಿದ್ದಕ್ಕೆ ಬೈದರೆ ಅವನ ಹತ್ತಿರ ಉತ್ತರವಿತ್ತು. ಲಾರಿ ಬರುವುದಿಲ್ಲ, ತಲೆಹೊರೆ, ಒಂದು ತಿಂಗಳು. ಅವಳು ಬೈಯಲಿಲ್ಲ. "ಊಟ ಮಾಡೋಗು" ಎಂದಳು. ಅವನ ಕಾಲಿನ ಕಡೆ ಮಾತ್ರ ನೋಡಲಿಲ್ಲ. ಐವತ್ತು ವರ್ಷ ತಾನು ಎಂಥವನು ಎಂದು ಯಾರಾದರೂ ಕೇಳಿದ್ದರೆ ಸ್ವಲ್ಪ ಹೆದರುಪುಕ್ಕಲ, ಆದರೆ ತಾಯಿ ಅಂದರೆ ಪ್ರಾಣ ಎಂದು ಹೇಳುತ್ತಿದ್ದ. ಅನ್ನದ ಮುಂದೆ ಕೂತು ಆ ಮಾತನ್ನು ಮನಸ್ಸಿನಲ್ಲಿ ಮತ್ತೆ ಹೇಳಿನೋಡಿದ. ತಟ್ಟೆ ಪಕ್ಕಕ್ಕೆ ಸರಿಸಿ ಎದ್ದ.

ನಾಲ್ಕು ಗಂಟೆಗೆ ಮುತ್ತುರಾಜ್ ಬಂದ. ಬಿರುಕು ನೋಡಿ ಕೂತು, ಉಗುರಿನಿಂದ ಕೆರೆದ. "ಅಯ್ಯೋ ಸಾರ್, ಇದು ಮೇಲಿನ ಗಾರೆ ಬಿಟ್ಕೊಂಡಿರೋದು. ಒಂದಿಂಚು. ಇದಕ್ಕೆ ಇಷ್ಟು ಹೆದ್ರೋದಾ?" ಜೇಬಿನಿಂದ ಫೋನು ತೆಗೆದು, ಮಗಳ ನಾಮಕರಣದ ಫೋಟೋಗಳನ್ನು ಸರಿಸುತ್ತ ಸರಿಸುತ್ತ ಹಿಂದೆ ಹೋಗಿ, ಒಂದು ಕಡೆ ನಿಲ್ಲಿಸಿ ತೋರಿಸಿದ. ಬಾವಿಯ ಬಾಯಿ. ಅದರ ಮೇಲೆ ಅಡ್ಡಡ್ಡ ಐದು ರೈಲು ಕಂಬಿಗಳು, ಎರಡೂ ಕಡೆ ಮಾರುದ್ದ ನೆಲದೊಳಗೆ ಹೂತು. ಮುಂದಿನದರಲ್ಲಿ ಗೇಣು ದಪ್ಪದ ಚಪ್ಪಡಿಗಳು. ಅದರ ಮುಂದಿನದರಲ್ಲಿ ಚಪ್ಪಡಿಯ ಮೇಲೆ ಕಬ್ಬಿಣದ ಜಾಲರಿ. "ನೀವು ಕೇಳ್ತೀರ ಅಂತಾನೇ ತೆಗೆದಿಟ್ಕೊಂಡಿದ್ದೆ. ನೀವು ಕೇಳ್ಲೇ ಇಲ್ಲ" ಎಂದ. ಆಮೇಲೆ ಎದ್ದು, ಯಂತ್ರದ ಪಕ್ಕದಲ್ಲಿ ನಿಂತು, ಚಪ್ಪಲಿ ಕಳಚಿ, ಎರಡೂ ಕಾಲು ಕೂಡಿಸಿ ಎಗರಿದ. ಮತ್ತೆ ಎಗರಿದ. ಬಾಟಲಿಯ ಸ್ಕ್ರೂಗಳು ಕೂಡ ಅಲುಗಲಿಲ್ಲ. "ಆನೆ ತಂದು ನಿಲ್ಸಿ ಸಾರ್. ನಿಮ್ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ" ಎಂದು ನಕ್ಕ. ಪ್ರತಿಭಾ ದೊಡ್ಡ ಉಸಿರು ಬಿಟ್ಟಳು. ಗೌರೀಶನಿಗೆ ನಿರಾಳವಾಗಬೇಕಿತ್ತು. ಬದಲಿಗೆ, ನೆಲ ಸ್ವಲ್ಪವಾದರೂ ಕುಸಿದಿದ್ದರೆ, ಒಂದು ಚಪ್ಪಡಿಯಾದರೂ ಜಾರಿದ್ದರೆ ಎಂದು ಅನ್ನಿಸಿತು. ಅಪಾಯ ಅಲ್ಲಿರಲೇ ಇಲ್ಲ. ಹಾಗಾದರೆ ಬೆಳಿಗ್ಗೆ ಆ ಹೊಸ್ತಿಲಲ್ಲಿ ನಡೆದದ್ದನ್ನು ಎಲ್ಲಿ ಇಡುವುದು?

ಅವ್ವ ಯಾವಾಗಲೋ ಬಂದು ಹಿಂದೆ ನಿಂತಿದ್ದಳು. "ಮಣ್ಣು ಎಷ್ಟು ಹಾಕ್ದೆ ಮುತ್ತು?" ಎಂದು ಕೇಳಿದಳು. ಮುತ್ತುರಾಜ್ ಗೌರೀಶನ ಮುಖ ನೋಡಿ, "ಎಂಟು ಮಂಕರಿ ಅಮ್ಮ" ಎಂದ. ಅವಳು ತಲೆಯಾಡಿಸಿದಳು. ಸಿಟ್ಟು ಕಾಣಲಿಲ್ಲ, ದುಃಖವೂ ಕಾಣಲಿಲ್ಲ. ದಿನಾ ಹೊಯ್ದ ನೀರು ಎಲ್ಲಿಗೆ ಹೋಗುತ್ತಿತ್ತೆಂಬ ವಿಳಾಸ ಕೊನೆಗೂ ಗೊತ್ತಾದವರ ಹಾಗಿದ್ದಳು. ಯಾರಾದರೂ ತಡೆಯುವುದಕ್ಕೆ ಮೊದಲೇ ಕೋಣೆಯೊಳಗೆ ಹೋಗಿ, ಕೊಳವೆಗಳನ್ನು ಯಂತ್ರ ಹಿಡಿದುಕೊಂಡು ಹೇಗೋ ದಾಟಿ, ಪೈಪಿನ ಹತ್ತಿರ ಬಿಟ್ಟಿದ್ದ ತಂಬಿಗೆಯನ್ನು ಎತ್ತಿಕೊಂಡಳು. ಅದರಲ್ಲಿ ಇನ್ನೂ ನೀರಿತ್ತು. ಹೊಯ್ಯಲಿಲ್ಲ. ಹಾಗೇ 'ಉಸ್' ಎಂದು ಸೊಂಟಕ್ಕೆ ಕೈಕೊಟ್ಟು ನಿಂತಳು, ವಾಪಸು ದಾಟಬೇಕಿತ್ತು.

ಗೌರೀಶ ಹೊರಟ. ಈಗ ಕಾಲು ಬಂತು, ಯಾವ ತೊಂದರೆಯೂ ಇಲ್ಲದೆ ಬಂತು. ಒಂದು, ಎರಡು, ಮೂರು, ನಾಲ್ಕು. ಮೂರು ತಿಂಗಳಲ್ಲಿ ಮೊದಲ ಸಲ ಅವನು ಬಾವಿಯ ಮೇಲೆ ನಿಂತಿದ್ದ, ನೆಲ ನಿಜಕ್ಕೂ ಕಲ್ಲಿನ ಹಾಗಿತ್ತು. ಬಗ್ಗಿ ಎರಡೂ ಕೊಳವೆಗಳನ್ನು ಪಕ್ಕಕ್ಕೆ ಉರುಳಿಸಿದ. ಕೈ ಚಾಚಿದ. "ಬಾ ಅವ್ವ" ಎಂದ. ಧ್ವನಿ ಸಣ್ಣ ಹುಡುಗನ ಹಾಗೆ ಒಡೆಯಿತು. "ಹಿಡ್ಕೊ."

ಸುಬ್ಬಮ್ಮ ಆ ಕೈಯನ್ನು ನೋಡಿದಳು. ತಂಬಿಗೆಯನ್ನು ಎಡಗೈಯಿಂದ ಬಲಗೈಗೆ ಬದಲಿಸಿ, ಖಾಲಿಯಾದ ಎಡಗೈಯನ್ನು ಗೋಡೆಗೆ ಊರಿದಳು.

"ಬ್ಯಾಡ ಬುಡಪ್ಪ" ಎಂದಳು. "ನಾನು ಗೋಡೆ ಹಿಡ್ಕೊಂಡು ಬತ್ತೀನಿ."